ಪಾರಣೆಯ ಒಲೆ

ಒಬ್ಬರ ವ್ರತಕ್ಕೆ ಇನ್ನೊಬ್ಬರು ನೆರವಾದರೆ, ಆ ವ್ರತದ ಫಲದಲ್ಲಿ ನೆರವಾದವರಿಗೆ ಪಾಲುಂಟೇ? ಹೋದ ವರ್ಷ ಮಾಘ ಮಾಸದಲ್ಲಿ ನನ್ನ ಸಹಧರ್ಮಿಣಿಯು ದೇಹವನ್ನು ಬಿಟ್ಟ ಮೇಲೆ ಮನೆಗೆ ಬಂದ ಬಂಧುಗಳಲ್ಲಿ ಹಲವರು ಒಂದೇ ಬಗೆಯ ಸಮಾಧಾನವನ್ನು ಹೇಳಿದರು. "38 ವರ್ಷ ನಿಮ್ಮ ಅಷ್ಟಮಿ ಚತುರ್ದಶಿಗಳನ್ನು ನಡೆಸಿಕೊಟ್ಟ ಪುಣ್ಯಾತ್ಮರು, ಮೇಷ್ಟ್ರೇ. ನಿಮ್ಮ ಉಪವಾಸದ ಅರ್ಧ ಫಲ ಅವರದೇ" ಎಂದರು. ಆಡಿದವರ ಮನಸ್ಸು ಒಳ್ಳೆಯದು. ಮಾತು ಮಾತ್ರ ನಮ್ಮ ಸಿದ್ಧಾಂತಕ್ಕೆ ಹೊಂದುವುದಿಲ್ಲ.

ಪುಣ್ಯವೆಂಬುದು ಗದ್ದೆಯಲ್ಲ, ಪಾಲು ಮಾಡಿ ಪತ್ರ ಬರೆಸಿಕೊಡುವುದಕ್ಕೆ. ಯಾರ ಪರಿಣಾಮವೋ ಅವರ ಬಂಧ, ಯಾರ ಬಂಧವೋ ಅವರ ಉದಯ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ವಿಚಾರ ಹೇಳುವಾಗ ಕೃತ, ಕಾರಿತ, ಅನುಮತ ಎಂದು ಮೂರನ್ನು ಎಣಿಸಿದ್ದಾರೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡುವವರನ್ನು ಒಪ್ಪಿದ್ದು. ಮೂರರಲ್ಲಿಯೂ ಆಯಾ ಜೀವವು ತನ್ನ ಭಾವಕ್ಕೆ ತಕ್ಕುದನ್ನೇ ಪಡೆಯುತ್ತದೆ. ಆದುದರಿಂದ ಆಕೆ ಗಳಿಸಿದ್ದು ನನ್ನ ಉಪವಾಸದ ಅರ್ಧವಲ್ಲ, ಆಕೆಯದೇ ಬೇರೊಂದು.

ಆ ಬೇರೊಂದು ಯಾವುದು? ವೈಯಾವೃತ್ಯವೆಂದು ಹೇಳಬಹುದಿತ್ತು. ಅನಶನವು ಬಹಿರಂಗ ತಪಸ್ಸು, ವೈಯಾವೃತ್ಯವು ಅಂತರಂಗ ತಪಸ್ಸು. ಸಮಂತಭದ್ರಾಚಾರ್ಯರಂತೂ ರತ್ನಕರಂಡಕದಲ್ಲಿ ಶ್ರಾವಕನ ನಾಲ್ಕು ಶಿಕ್ಷಾವ್ರತಗಳನ್ನು ಹೇಳುವಾಗ ಪ್ರೋಷಧೋಪವಾಸದ ಪಕ್ಕದಲ್ಲಿಯೇ ವೈಯಾವೃತ್ಯವನ್ನು ಇಟ್ಟಿದ್ದಾರೆ. ಆದರೆ ಅದು ಮುಖ್ಯವಾಗಿ ಮನೆಯನ್ನು ತೊರೆದ ತಪೋಧನರಿಗೆ ಸಲ್ಲುವ ಸೇವೆ. ಮನೆಯಲ್ಲಿಯೇ ಕುಳಿತು ಬಡಿಸಿಕೊಂಡ ನನ್ನಂಥ ಗೃಹಸ್ಥನ ಉಪಚಾರಕ್ಕೆ ಆ ಹೆಸರನ್ನಿಡಲು ನನಗೆ ಸಂಕೋಚವಾಗುತ್ತದೆ.

ಮುನಿಗಳಿಗೆ ಆಕೆ ಮಾಡಿದ ಸೇವೆಗೆ ಆ ಹೆಸರು ಧಾರಾಳವಾಗಿ ಸಲ್ಲುತ್ತದೆ. ಚಾತುರ್ಮಾಸದಲ್ಲಿ ಊರಿಗೆ ಸಂಘ ಬಂದರೆ ಬೆಳಗಿನ ಜಾವ ಮಿಂದು, ಬಾವಿಯ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸಿ, ಆಹಾರ ಸಿದ್ಧಪಡಿಸಿ ಕಳಶ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮುನಿಗಳ ವಿಧಿ ಕೂಡಿಬರದೆ ಅವರು ನಮ್ಮ ಬಾಗಿಲನ್ನು ದಾಟಿ ಹೋದ ದಿನಗಳೇ ಹೆಚ್ಚು. ನನ್ನ ಮುಖ ಸಪ್ಪಗಾಗುತ್ತಿತ್ತು. ಆಕೆ ಕಳಶವನ್ನು ಒಳಗಿಟ್ಟು, ಪ್ರತಿಗ್ರಹಣವಾದ ಮನೆಗೆ ಕೈಜೋಡಿಸಲು ನಡೆದುಬಿಡುತ್ತಿದ್ದಳು. 2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವಾದಾಗ ಮಹಿಳಾ ಸಮಾಜದವರೊಡನೆ ಸ್ವಯಂಸೇವಕಿಯಾಗಿ ಹೋಗಿ ಒಂಬತ್ತು ದಿನ ತರಕಾರಿ ಹೆಚ್ಚಿದಳು. ಸೂರ್ಯಾಸ್ತದೊಳಗೆ ಯಾತ್ರಿಕರ ಊಟ ಮುಗಿಯಬೇಕಲ್ಲ. ವಿಂಧ್ಯಗಿರಿಯನ್ನು ಹತ್ತಿದ್ದು ಕೊನೆಯ ದಿನ, ಒಂದೇ ಸಲ. ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನೆನೆಯಲು ರನ್ನನ ಅಜಿತಪುರಾಣವಿದೆ, ಲಕ್ಕುಂಡಿಯ ಬಸದಿಯಿದೆ. ನಮ್ಮ ಮನೆಗಳ ಶ್ರಾವಿಕೆಯರ ಗುರುತಾಗಿ ನೀರು ಸೋಸುವ ಬಟ್ಟೆಯಾದರೂ ಉಳಿದೀತು ಎಂದುಕೊಂಡಿದ್ದೆ. ಅದೂ ಇಲ್ಲ. ಸವೆದ ಬಟ್ಟೆಯಲ್ಲಿ ಸೋಸಬಾರದೆಂದು ಆಕೆ ವರ್ಷ ವರ್ಷವೂ ಹೊಸದನ್ನು ಹೊಲಿಯುತ್ತಿದ್ದಳು.

ಇಷ್ಟನ್ನು ಬರೆದು ನಿಲ್ಲಿಸಿದರೆ ಇದು ಸಂತಾಪಸೂಚನೆಯಾಗುತ್ತಿತ್ತು. ಆದರೆ ಪ್ರಶ್ನೆಯ ಇನ್ನೊಂದು ಮುಖ ನನ್ನತ್ತ ತಿರುಗಿದೆ. ಆಕೆಗೆ ಎಷ್ಟು ಫಲ ಎಂದು ಎಣಿಸುವ ಅಧಿಕಾರ ನನಗಿಲ್ಲ. ನನ್ನ ವ್ರತವು ವ್ರತವಾಗಿತ್ತೇ?

ಉಪವಾಸದ ದಿನ ಅನ್ನವನ್ನು ಬಿಟ್ಟರೆ ಸಾಲದು, ಆರಂಭವನ್ನೂ ಬಿಡಬೇಕೆಂದು ಸಮಂತಭದ್ರರು ವಿಧಿಸಿದ್ದಾರೆ. ಒಲೆ ಹಚ್ಚುವುದು, ಕುಟ್ಟುವುದು, ಗುಡಿಸುವುದು ಮುಂತಾದ ಹಿಂಸೆಗೆ ಆಸ್ಪದವಾದ ಗೃಹಕೃತ್ಯಗಳೆಲ್ಲ ಆರಂಭವೇ. ನಾನು ಅವೆಲ್ಲವನ್ನೂ ಬಿಟ್ಟು ಬಸದಿಯ ಮಂಟಪದಲ್ಲಿ ಸ್ವಾಧ್ಯಾಯಕ್ಕೆ ಕುಳಿತೆ. ಬಿಟ್ಟದ್ದು ಎಲ್ಲಿ ಹೋಯಿತು? ಆಕೆಯ ಕೈಗೆ ಹೋಯಿತು. ಕೃತವನ್ನು ತ್ಯಜಿಸಿದೆನೆಂದು ನಂಬಿದ ನಾನು ಕಾರಿತವನ್ನು ಲೆಕ್ಕಕ್ಕೇ ತಂದುಕೊಳ್ಳಲಿಲ್ಲ. ಮಕ್ಕಳಿಗೆ ಮನೆಪಾಠ ಹೇಳುವಾಗ ಈ ಮೂರು ಶಬ್ದಗಳನ್ನು ಎಷ್ಟು ಸಲ ವಿವರಿಸಿದ್ದೇನೋ!

ಒಂದು ಭಾದ್ರಪದದಲ್ಲಿ, ಮಕ್ಕಳಿನ್ನೂ ಚಿಕ್ಕವರು, ದಶಲಕ್ಷಣ ಪರ್ವಕ್ಕೆ ನಾಲ್ಕು ದಿನವಿರುವಾಗ ಆಕೆ ಕೇಳಿದಳು: "ಈ ಸಲ ನಾನೂ ಹತ್ತು ದಿನ ಉಪವಾಸ ಹಿಡಿಯಲೇ?" "ಮನೆ ನಡೆಯಬೇಕಲ್ಲ, ಬರುವ ವರ್ಷ ನೋಡೋಣ" ಎಂದೆ. ಪುಸ್ತಕದಿಂದ ತಲೆಯೆತ್ತಿ ಹೇಳಿದೆನೋ ಇಲ್ಲವೋ ನೆನಪಿಲ್ಲ. ಬರುವ ವರ್ಷ ಆಕೆ ಕೇಳಲಿಲ್ಲ. ನಾನೂ ಎತ್ತಲಿಲ್ಲ. ಆಕೆ ಒಪ್ಪೊತ್ತು ಉಂಡು ಹತ್ತು ದಿನವೂ ಎಲ್ಲರಿಗೂ ಬಡಿಸಿದಳು.

ಸೇವೆಯೂ ತಪಸ್ಸೇ ಎಂಬ ಮಾತು ಸತ್ಯ. ಅದನ್ನು ಸೇವೆ ಮಾಡುವವರು ಹೇಳಿಕೊಂಡರೆ ಚೆನ್ನ. ಸೇವೆ ಪಡೆದವನ ಬಾಯಲ್ಲಿ ಅದು ಬೇಗನೆ ನೆಪವಾಗುತ್ತದೆ.

ಆಕೆ ಹೋದ ಮೇಲಿನ ಮೊದಲ ಅಷ್ಟಮಿಯಂದು ಮಗ ಸೊಸೆ ಊರಲ್ಲಿರಲಿಲ್ಲ. ಉಪವಾಸವೇನೂ ಕಷ್ಟವಾಗಲಿಲ್ಲ, ದೇಹಕ್ಕೆ ರೂಢಿ. ಆದರೆ ಸಾಮಾಯಿಕಕ್ಕೆ ಕುಳಿತರೆ ಹೆಸರುಬೇಳೆಯ ಡಬ್ಬ ಎಲ್ಲಿದೆ, ಒಣಶುಂಠಿ ಮುಗಿದಿದೆಯೇ, ನಾಳೆ ನೀರು ಸೋಸುವವರು ಯಾರು ಎಂಬುದೇ ಮನಸ್ಸಿನಲ್ಲಿ. ಅಷ್ಟು ವರ್ಷದ ನನ್ನ ಏಕಾಗ್ರತೆಯು ಯಾರ ಕೆಲಸವಾಗಿತ್ತೆಂದು ಆಗ ತಿಳಿಯಿತು. ನವಮಿಯಂದು ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆ ಒಲೆ ಹಚ್ಚಿದೆ. ಬೇಳೆ ತಳ ಹಿಡಿಯಿತು. ಅದನ್ನೇ ಉಂಡೆ.

ಈ ಭಾದ್ರಪದಕ್ಕೆ ಮುಂಚೆ ಸೊಸೆ ಬಂದು, "ಮಾವ, ಹತ್ತು ದಿನ ಉಪವಾಸ ಮಾಡಬೇಕೆಂದಿದ್ದೇನೆ. ಮಕ್ಕಳಿಗೆ ಶಾಲೆ ಇದೆ, ಏನು ಮಾಡಲೋ" ಎಂದಳು. "ಬರುವ ವರ್ಷ" ಎಂಬ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. "ಹಿಡಿ, ತಾಯಿ" ಎಂದೆ. ಈಗ ದಿನವೂ ಬೆಳಿಗ್ಗೆ ಅವಳ ಜೊತೆಯಲ್ಲಿ ಅಡುಗೆಮನೆಯಲ್ಲಿ ನಿಲ್ಲುತ್ತೇನೆ. ಒಂದು ಪಾವು ಬೇಳೆಗೆ ನೀರೆಷ್ಟು, ಉರಿಯೆಷ್ಟು ಎಂಬುದನ್ನು ಸ್ವಾಧ್ಯಾಯದ ನೋಟುಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೇನೆ. ಮೊಮ್ಮಕ್ಕಳು ನಗುತ್ತಾರೆ. ಚಪಾತಿ ಇನ್ನೂ ದುಂಡಗೆ ಬರುತ್ತಿಲ್ಲ.