ಅಂಗಡಿಯ ದಾಸೋಹ, ಕೆರೆಯ ಸೇವೆ



ಕಾಯಕ, ದಾಸೋಹ ಇವೆರಡೂ ಶಿವಶರಣರು ಲೋಕಕ್ಕೆ ಅನುಗ್ರಹಿಸಿದ ಅವಳಿ ತತ್ತ್ವಗಳು. ಸತ್ಯಶುದ್ಧವಾಗಿ ದುಡಿಯುವುದು ಕಾಯಕ. ದುಡಿದುದರಲ್ಲಿ ಬೇಕಾದಷ್ಟನ್ನು ಪ್ರಸಾದವೆಂದು ಸ್ವೀಕರಿಸಿ, ಉಳಿದುದನ್ನು ಸಮಾಜರೂಪಿಯಾದ ಜಂಗಮಕ್ಕೆ ಸಮರ್ಪಿಸುವುದು ದಾಸೋಹ. ಮನೆಯ ಮಟ್ಟಿಗೆ ಇದನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದಿರುವ ಸದ್ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅಂಗಡಿ, ಗಿರಣಿ, ಕಾರ್ಖಾನೆಗಳನ್ನು ನಡೆಸುವ ಗೃಹಸ್ಥನು ತನ್ನ ವ್ಯಾಪಾರಸ್ಥಾನವನ್ನೂ ದಾಸೋಹದ ನಿಯಮಕ್ಕೆ ಒಳಪಡಿಸಬೇಡವೇ? ಊರಿನ ಕೆರೆಯ ನಿಮಿತ್ತವಾಗಿ ಈ ಪ್ರಶ್ನೆಯನ್ನು ವಿಚಾರಿಸೋಣ.

ಕೆಲವರು ಹೇಳಬಹುದು: ‘ನಾನು ಜವಳಿ ವ್ಯಾಪಾರಿ, ಕೆರೆಗೂ ನನಗೂ ಏನು ಸಂಬಂಧ? ಮಠಕ್ಕೆ ಕಾಣಿಕೆ ಸಲ್ಲಿಸುತ್ತೇನೆ, ಸರಕಾರಕ್ಕೆ ತೆರಿಗೆ ಕಟ್ಟುತ್ತೇನೆ, ಅಷ್ಟು ಸಾಲದೇ?’ ಆದರೆ ಆ ಜವಳಿಯನ್ನು ಕೊಳ್ಳುವವನು ರೈತ. ಅವನ ಕೈಯಲ್ಲಿ ಹಣವಾಡುವುದು ಬೆಳೆ ಬಂದ ವರ್ಷ. ಬೆಳೆಗೆ ಆಧಾರ ನೀರು. ಊರ ಬಾವಿಗಳ ಸೆಲೆಗೆ ಆಧಾರ ಕೆರೆ. ಕೆರೆ ಬತ್ತಿದ ವರ್ಷ ಅಂಗಡಿಯ ಗಲ್ಲಾಪೆಟ್ಟಿಗೆಯೂ ಬತ್ತುತ್ತದೆ. ಪಂಚಭೂತಗಳಲ್ಲಿ ಯಾವುದನ್ನೂ ನಾವು ಸೃಷ್ಟಿಸಿದವರಲ್ಲ. ಬೆಲೆ ಕೊಡದೆ ಪಡೆದ ನೀರು, ಗಾಳಿ, ಮಣ್ಣುಗಳ ಋಣ ಪ್ರತಿಯೊಬ್ಬ ವ್ಯಾಪಾರಿಯ ಮೇಲೂ ಇದೆ. ಖಾತೆಕಿರ್ದಿಯಲ್ಲಿ ಬರೆದಿಲ್ಲವೆಂಬ ಮಾತ್ರಕ್ಕೆ ಅದು ಸಾಲವಲ್ಲವೆನ್ನಲಾದೀತೇ?

ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಪುಣ್ಯಪುರುಷರು. ಇಂದಿಗೂ ಸೊಲ್ಲಾಪುರದ ನಡುವೆ ಅವರ ಹೆಸರಿನ ಕೆರೆಯಿದೆ. ಜಲಸೇವೆಯು ಶರಣಮಾರ್ಗಕ್ಕೆ ಹೊರಗಿನದಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ. ನಮ್ಮ ನಾಡಿನಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕವುಂಟು. ಹಿರಿಯರು ಕಟ್ಟಿದ ಈ ಸಂಪತ್ತಿನ ಬಹುಭಾಗ ಇಂದು ಹೂಳಿನಿಂದ ತುಂಬಿದೆ; ನೀರು ತರುವ ಕಾಲುವೆಗಳು ಮುಚ್ಚಿವೆ; ಉಳಿದ ನೀರನ್ನು ಅಂತರಗಂಗೆಯ ಕಳೆಯೂ ಪೇಟೆಯ ಪ್ಲಾಸ್ಟಿಕ್ ಕಸವೂ ಆವರಿಸಿವೆ.

ಆದರೂ ನಿರಾಶೆಗೆ ಕಾರಣವಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳವರು ಹಿರೇಹಳ್ಳವನ್ನು ಶುದ್ಧಗೊಳಿಸಲು ಕರೆಯಿತ್ತಾಗ ಸಾವಿರಾರು ಜನರು ಹಳ್ಳಕ್ಕಿಳಿದರು. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರುಗಳ ಉದ್ದಕ್ಕೆ ಮುಳ್ಳುಕಂಟಿ, ಹೂಳು, ಕಸಗಳು ಹೊರಬಂದವು. ಅದಕ್ಕೆ ಮೊದಲು, 2017ರಲ್ಲಿ, ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಯ 36 ಎಕರೆಯ ಕೆರೆಯನ್ನು ಸನ್ಸೆರಾ ಎಂಬ ಯಂತ್ರೋಪಕರಣ ಕಂಪನಿಯ ಉದ್ಯೋಗಿಯಾಗಿದ್ದ ಶ್ರೀ ಆನಂದ ಮಲ್ಲಿಗವಾಡರು ತಮ್ಮ ಕಂಪನಿಯ ಧನಸಹಾಯದಿಂದ ಸುಮಾರು 45 ದಿನಗಳಲ್ಲಿ ಪುನರುಜ್ಜೀವನಗೊಳಿಸಿದರು. ಒಬ್ಬ ನೌಕರನ ಸಂಕಲ್ಪಕ್ಕೆ ಅವನ ಸಂಸ್ಥೆಯು ಕೈಗೊಟ್ಟರೆ ಏನಾಗಬಹುದೆಂಬುದಕ್ಕೆ ಇದು ನಿದರ್ಶನ.

2013ರ ಕಂಪನಿ ಕಾಯಿದೆಯು ಐದು ಕೋಟಿ ರೂಪಾಯಿಗಳ ನಿವ್ವಳ ಲಾಭವೇ ಮೊದಲಾದ ಮಿತಿಗಳನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದು ವಿಧಿಸಿದೆ. ನಮ್ಮ ಪೇಟೆಬೀದಿಯ ಕಿರಾಣಿ ಅಂಗಡಿಗೂ ಅಡತಿ ಅಂಗಡಿಗೂ ಈ ಕಟ್ಟಳೆ ತಾಗುವುದಿಲ್ಲ. ಆದರೆ ದಾಸೋಹವು ಕಾಯಿದೆಯ ಭಯದಿಂದ ಹುಟ್ಟಿದುದಲ್ಲ. ಅಲ್ಲದೆ ಕಾಯಿದೆ ಕೇಳುವುದು ಧನವನ್ನು. ಶರಣಧರ್ಮ ಕೇಳುವುದು ತನು, ಮನ, ಧನ ಮೂರನ್ನೂ.

ಇದನ್ನು ಆಚರಣೆಗೆ ತರುವ ಬಗೆ ಕಠಿಣವಲ್ಲ. ಒಂದು ಪೇಟೆಯಲ್ಲಿ ಇಪ್ಪತ್ತು ಅಂಗಡಿಗಳಿವೆಯೆನ್ನಿ. ಪ್ರತಿ ಅಂಗಡಿಯಿಂದ ತಿಂಗಳಿಗೆ ಅರ್ಧ ದಿನ ಇಬ್ಬರು ಬಂದರೆ ನಲವತ್ತು ಜೊತೆ ಕೈಗಳಾದವು. ಮೊದಲು ಕೆರೆಯು ಯಾವ ಪಂಚಾಯಿತಿಯ ಅಥವಾ ಇಲಾಖೆಯ ಅಧೀನದಲ್ಲಿದೆಯೋ ಅವರ ಅನುಮತಿಯನ್ನು ಪಡೆಯತಕ್ಕದ್ದು. ಬೇಸಗೆಯಲ್ಲಿ ಹೂಳು ತೆಗೆಯುವುದು, ಮುಂಗಾರಿಗೆ ಮೊದಲೇ ಕಾಲುವೆಗಳನ್ನು ಬಿಡಿಸುವುದು, ಮಳೆ ಹಿಡಿದ ಮೇಲೆ ಸಸಿ ನೆಡುವುದು, ಮುಂದಿನ ಬೇಸಗೆಯಲ್ಲಿ ಅವಕ್ಕೆ ನೀರೆರೆಯುವುದು, ಹೀಗೆ ಕಾಲಾನುಗುಣವಾಗಿ ಕೆಲಸವನ್ನು ಹಂಚಿಕೊಳ್ಳಬಹುದು. ಹೂಳು ತೆಗೆಯುವಾಗ ನೀರನ್ನು ಹಿಡಿದಿಡುವ ತಳದ ಜೇಡಿಪದರವನ್ನು ಒಡೆಯಬಾರದು. ಏರಿಯ ಮೇಲೆ ದೊಡ್ಡ ಮರಗಳನ್ನು ಬೆಳೆಸಬಾರದು. ಬೇರು ಕೊಳೆತ ದಾರಿಯಲ್ಲಿ ನೀರು ಜಿನುಗಿ ಏರಿ ಸಡಿಲಾಗುತ್ತದೆ. ತಿಳಿದವರನ್ನು ಕೇಳದೆ ಮಾಡಿದ ಸೇವೆ ಕೆಲವೊಮ್ಮೆ ಅಪಕಾರವಾಗುವುದುಂಟು. ಇನ್ನು ಲಾರಿಯವರು ಲಾರಿಯನ್ನು, ಕಬ್ಬಿಣದ ಅಂಗಡಿಯವರು ಗುದ್ದಲಿ ಬುಟ್ಟಿಗಳನ್ನು, ಖಾನಾವಳಿಯವರು ರೊಟ್ಟಿ ಪಲ್ಯವನ್ನು ಒದಗಿಸಲಿ. ಗುಮಾಸ್ತರು ಖರ್ಚಿನ ಲೆಕ್ಕವಿಡಲಿ. ಯಾರ ಕಾಯಕವೂ ಇಲ್ಲಿ ಕೀಳಲ್ಲ.

ಇಲ್ಲಿ ಧಣಿಗಳಾದವರು ಎಚ್ಚರದಿಂದ ಕೇಳಬೇಕಾದ ಮಾತುಗಳು ಮೂರು ಇವೆ.

ಮೊದಲನೆಯದು: ಸೇವೆಯು ಬಿಟ್ಟಿಯಾಗಬಾರದು. ವಾರವೆಲ್ಲ ಮೂಟೆ ಹೊತ್ತ ಹಮಾಲನನ್ನು ಅವನಿಗಿರುವ ಒಂದೇ ಬಿಡುವಿನ ದಿನ ಕೆರೆಗಟ್ಟಿ, ಪುಣ್ಯವನ್ನು ತನ್ನ ಹೆಸರಿಗೆ ಬರೆದುಕೊಳ್ಳುವ ಯಜಮಾನನದು ದಾಸೋಹವಲ್ಲ, ಶೋಷಣೆ. ಕೂಲಿ ಕಡಿಯದೆ, ಕೆಲಸದ ವೇಳೆಯಲ್ಲಿಯೇ ಬಿಡುವು ಕೊಡಬೇಕು. ಆ ಸಮಯದ ನಷ್ಟವೇ ಯಜಮಾನನ ಸಮರ್ಪಣೆ. ಬರಲೊಲ್ಲದವನನ್ನು ಬಲವಂತಪಡಿಸಬಾರದು, ಬಾರದುದಕ್ಕಾಗಿ ಮುನಿಯಲೂಬಾರದು. ಎಲ್ಲಕ್ಕಿಂತ ಮೇಲಾಗಿ ಯಜಮಾನನೂ ಬುಟ್ಟಿ ಹೊರಬೇಕು. ಅವನು ಕೊಡೆಯ ನೆರಳಲ್ಲಿ ನಿಂತು ಕೈತೋರಿಸಿದರೆ ಅದು ಇನ್ನೊಂದು ಅಂಗಡಿಯಾಯಿತೇ ಹೊರತು ಸೇವೆಯಾಗಲಿಲ್ಲ.

ಎರಡನೆಯದು: ಬೆಳಿಗ್ಗೆ ಕೆರೆಯ ಕಸವನ್ನೆತ್ತಿ ರಾತ್ರಿ ಗಿರಣಿಯ ಮಲಿನಜಲವನ್ನು ಅದೇ ಕಾಲುವೆಗೆ ಬಿಡುವುದು ಆತ್ಮವಂಚನೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಆದರೂ ಮರೆಯಲ್ಲಿ ಮಾರುವ ಕೈಗಳುಂಟು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮಡದಿ ಲಕ್ಕಮ್ಮನವರು ಒಲೆಗೇರಿಸದೆ ಹಿಂದಕ್ಕೆ ಕಳಿಸಿದ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಆ ಮಹಾತಾಯಿ ಪತಿಗೆ ದಾನ ಮಾಡೆನ್ನಲಿಲ್ಲ, ಮೊದಲು ಹೆಚ್ಚಿನದನ್ನು ತರಬೇಡವೆಂದರು. ನಮ್ಮ ಅಂಗಡಿಗೂ ಇದೇ ಪಾಠ. ಕೆಡಿಸಿ ಆಮೇಲೆ ಶುದ್ಧಗೊಳಿಸುವುದಕ್ಕಿಂತ ಕೆಡಿಸದಿರುವುದೇ ಹಿರಿದು.

ಮೂರನೆಯದು: ಹೆಸರಿನ ಹಂಬಲ. ಹತ್ತು ಸಸಿ ನೆಟ್ಟು ಇಪ್ಪತ್ತಡಿಯ ಫಲಕ ನಿಲ್ಲಿಸುವವರನ್ನು ಕಾಣುತ್ತೇವೆ. ಫಲಕ ಉಳಿಯುತ್ತದೆ, ಸಸಿ ಒಣಗುತ್ತದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು ಸಿದ್ಧರಾಮರನ್ನು ಎಚ್ಚರಿಸುವ ಪ್ರಸಂಗವನ್ನು ನೆನೆಯಿರಿ. ಪ್ರಭುಗಳು ಕೆರೆಯನ್ನು ತಪ್ಪೆನ್ನಲಿಲ್ಲ, ಕಟ್ಟಿದೆನೆಂಬ ಭಾವವನ್ನು ಪ್ರಶ್ನಿಸಿದರು. ಅಂತಹ ಮಹಾಪುರುಷರಿಗೇ ಆ ಎಚ್ಚರಿಕೆ ಬೇಕಾಯಿತೆಂದ ಮೇಲೆ ನಮ್ಮಂತಹವರ ಪಾಡೇನು?

ಆದುದರಿಂದ, ಬಂಧುಗಳೇ, ಈ ವರ್ಷದ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವಾಗ ಅದರಲ್ಲಿ ಊರ ಕೆರೆಗೂ ಒಂದು ಪುಟವನ್ನು ತೆರೆಯಿರಿ. ಆ ಪುಟದಲ್ಲಿ ರೂಪಾಯಿಗಳಿಗಿಂತ ಮೊದಲು ದಿನಗಳನ್ನು ಬರೆಯಿರಿ: ನಿಮ್ಮ ಅಂಗಡಿ ಕೆರೆಗೆ ಎಷ್ಟು ದಿನ ಕೊಟ್ಟಿತು, ಆ ದಿನಗಳಲ್ಲಿ ನೀವೆಷ್ಟು ದಿನ ಕೆಸರಿಗಿಳಿದಿರಿ ಎಂದು. ವರ್ಷಾಂತ್ಯದಲ್ಲಿ ಆ ಪುಟವನ್ನು ಮಕ್ಕಳ ಮುಂದೆ ನಿಸ್ಸಂಕೋಚವಾಗಿ ಓದಬಲ್ಲಿರಾದರೆ ನಿಮ್ಮ ವ್ಯಾಪಾರ ಕಾಯಕವಾಯಿತು, ಅಂಗಡಿ ದಾಸೋಹದ ಮನೆಯಾಯಿತು.