ಕೇಸ್‌ಶೀಟಿನಲ್ಲಿ ನಮ್ಮ ಮಾತು

ಮನೆತನದಲ್ಲಿ ನಾಲ್ಕಕ್ಷರ ಇಂಗ್ಲಿಷ್ ಓದಿದವನೊಬ್ಬ ಇದ್ದರೆ ನೆಂಟರಿಷ್ಟರ ಆಸ್ಪತ್ರೆ ಫೈಲುಗಳೆಲ್ಲ ಅವನ ಹತ್ತಿರವೇ ಬರುತ್ತವೆ. ನಮ್ಮ ಕಡೆ ಆ ಕೆಲಸ ನನ್ನದು. ಪ್ಲಾಸ್ಟಿಕ್ ಕವರಿನೊಳಗೆ ಎಕ್ಸ್-ರೇ, ರಕ್ತದ ರಿಪೋರ್ಟು, ಇಸಿಜಿಯ ಉದ್ದನೆಯ ಪಟ್ಟಿ, ಎಲ್ಲಕ್ಕೂ ಮೇಲೆ ಡಿಸ್ಚಾರ್ಜ್ ಸಮ್ಮರಿ. 'ಏನ್ ಬರ್ದವ್ರೆ ನೋಡಪ್ಪಾ' ಎಂದು ಕೈಗೆ ಕೊಟ್ಟ ಮೇಲೆ ಅವರು ಕಾಗದದ ಕಡೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

ಓದುವುದೇನೂ ಬ್ರಹ್ಮವಿದ್ಯೆಯಲ್ಲ. ಸಿ/ಒ ಎಂದರೆ ರೋಗಿ ಹೇಳಿಕೊಂಡ ತೊಂದರೆ, ಎಚ್/ಒ ಎಂದರೆ ಹಿಂದಿನ ಕತೆ, ಕೆ/ಸಿ/ಒ ಎಂದರೆ ಮೊದಲೇ ಗೊತ್ತಿರುವ ಕಾಯಿಲೆ. ಅದರ ಮುಂದೆ ಟಿ2ಡಿಎಂ ಎಂದಿದ್ದರೆ ಶುಗರ್, ಎಚ್‌ಟಿಎನ್ ಎಂದಿದ್ದರೆ ಬಿಪಿ. ಓ/ಇ ಎಂಬಲ್ಲಿಂದ ಡಾಕ್ಟರು ಮುಟ್ಟಿ ನೋಡಿ ಕಂಡುಕೊಂಡದ್ದು ಶುರು. ಪಿ/ಎ ಸಾಫ್ಟ್ ಎಂದರೆ ಹೊಟ್ಟೆ ಮೆತ್ತಗಿದೆ, ಬಿಗಿದುಕೊಂಡಿಲ್ಲ. ಎನ್‌ಎಡಿ ಎಂದರೆ ದೋಷವೇನೂ ಕಂಡುಬರಲಿಲ್ಲ. ದೋಷ ಇಲ್ಲವೆಂದಲ್ಲ, ಕಾಣಲಿಲ್ಲ ಅಂತಷ್ಟೇ. ಮಾತ್ರೆಗಳ ಪಟ್ಟಿಗೆ ಬಂದರೆ ಓಡಿ ದಿನಕ್ಕೊಂದು, ಬಿಡಿ ಎರಡು, ಟಿಡಿಎಸ್ ಮೂರು, ಎಚ್‌ಎಸ್ ಮಲಗುವ ಹೊತ್ತಿಗೆ. ಎಸ್‌ಒಎಸ್ ಕಂಡು ಹೌಹಾರಬೇಕಿಲ್ಲ. 'ಅಗತ್ಯ ಬಿದ್ದರೆ ಮಾತ್ರ' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳವು. ಮುಳುಗುವ ಹಡಗಿಗೂ ಅದಕ್ಕೂ ಸಂಬಂಧವಿಲ್ಲ.

ಈ ಲ್ಯಾಟಿನ್ನನ್ನೆಲ್ಲ ಪಕ್ಕಕ್ಕಿಟ್ಟು ನಮ್ಮ ಡಾಕ್ಟರುಗಳು 1-0-1 ಎಂದು ಬರೆಯುವ ರೂಢಿ ಇದೆಯಲ್ಲ, ಅದು ದೊಡ್ಡ ಉಪಕಾರ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓದು ಬಾರದ ಅಜ್ಜಿಗೂ ಒಂದು ಸಲ ಹೇಳಿದರೆ ಸಾಕು. ಚೀಟಿಯಲ್ಲಿ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಭಾಗ ಅದೊಂದೇ ಏನೋ.

ಚುಟುಕು ಬರಹ ಪ್ರಾಣಕ್ಕೆ ಎರವಾಗುವುದೂ ಉಂಟು. ಇನ್ಸುಲಿನ್ 10 ಯೂನಿಟ್ ಎನ್ನಲು 10ರ ಪಕ್ಕ ಇಂಗ್ಲಿಷಿನ ಯು ಅಕ್ಷರ ಗೀಚಿದರೆ ಅದು ಸೊನ್ನೆಯಂತೆ ಕಂಡು 100 ಆಗಿಬಿಡಬಹುದು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿ ಮಾಡಿದಾಗ ಈ ಯು ಅದರಲ್ಲಿತ್ತು. 1.0 ಎಂದು ಬರೆಯುವುದೂ ಬೇಡವೆಂದರು, ಚುಕ್ಕೆ ಮಾಸಿದರೆ ಹತ್ತಾಗುತ್ತದೆ. ನಾವು ದಿನಕ್ಕೊಂದು ಎಂದು ಓದುವ ಓಡಿ, ಕಣ್ಣಿನ ಡಾಕ್ಟರ ಚೀಟಿಯಲ್ಲಿ ಬಲಗಣ್ಣು. ಕೀಲುವಾತಕ್ಕೆ ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನಾ ನುಂಗಿ ಸತ್ತವರಿದ್ದಾರೆ. ನಮ್ಮಲ್ಲಿ 2016ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು, ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ನಿಯಮ ಮಾಡಿತು. ಒಳ್ಳೆಯದೇ. ಆದರೆ ಇಷ್ಟೊಂದು ಫೈಲು ಓದಿದ ಮೇಲೆ ನನಗನ್ನಿಸಿದ್ದು, ಅಕ್ಷರ ದುಂಡಗಾದರೂ ಬಗೆಹರಿಯದ ತೊಡಕು ಬೇರೆಯೇ ಇದೆ.

ನಮ್ಮ ದೊಡ್ಡಮ್ಮನ ಫೈಲಿನಲ್ಲಿ ಸಿ/ಒ ಮುಂದೆ ಪ್ರತಿ ಸಲವೂ ಒಂದೇ ಪದ, 'ಗಿಡ್ಡಿನೆಸ್'. ತಲೆಸುತ್ತು. ಅದಕ್ಕೊಂದು ಮಾತ್ರೆ, ಮೂರು ಹೊತ್ತು. ತಿಂಗಳುಗಟ್ಟಲೆ ನುಂಗಿದರೂ ಸುತ್ತು ನಿಲ್ಲಲಿಲ್ಲ. ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಕ್ಕ ಒಬ್ಬ ಎಳೆಯ ಡ್ಯೂಟಿ ಡಾಕ್ಟರು ಫೈಲು ಮುಚ್ಚಿಟ್ಟು, 'ಅಜ್ಜೀ, ಮನೆ ಗಿರ್ರಂತ ತಿರುಗುತ್ತೋ, ಇಲ್ಲಾ ಕಣ್ಣು ಕತ್ತಲೆ ಬರುತ್ತೋ?' ಎಂದು ಕೇಳಿದರು. ದೊಡ್ಡಮ್ಮ ತಡವರಿಸದೆ ಹೇಳಿದಳು: 'ಮನೆ ಯಾಕಪ್ಪಾ ತಿರುಗುತ್ತೆ? ಎದ್ ನಿಂತ್ರೆ ಕಣ್ಣು ಕತ್ತಲಾಗುತ್ತೆ, ಕೂತ್ರೆ ಸರಿಯೋಗುತ್ತೆ.' ಅವರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ಸರ್ರನೆ ಇಳಿದಿತ್ತು. ಬಿಪಿ ಮಾತ್ರೆಯ ಡೋಸೇ ಹೆಚ್ಚಾಗಿತ್ತು.

ಮನೆ ತಿರುಗಿದರೆ ಹೆಚ್ಚಿನ ಪಾಲು ಕಿವಿಯ ಒಳಭಾಗದ ತೊಂದರೆ. ಕಣ್ಣು ಕತ್ತಲಾದರೆ ಮಿದುಳಿಗೆ ರಕ್ತ ಸಾಲುತ್ತಿಲ್ಲ, ಬಿಪಿ ನೋಡಬೇಕು, ಹೃದಯ ನೋಡಬೇಕು. ವೈದ್ಯಶಾಸ್ತ್ರ ಇವೆರಡನ್ನೂ ಬೇರೆ ಬೇರೆ ಹೆಸರಿಟ್ಟು ಬೇರೆ ಬೇರೆ ಅಧ್ಯಾಯದಲ್ಲಿ ಕಲಿಸುತ್ತದೆ. ದೊಡ್ಡಮ್ಮನೂ ಬೇರೆ ಬೇರೆಯಾಗಿಯೇ ಹೇಳುತ್ತಿದ್ದಳು. ಕೇಸ್‌ಶೀಟಿನ ಒಂದೂವರೆ ಇಂಚು ಜಾಗದಲ್ಲಿ ಮಾತ್ರ ಎರಡೂ ಒಂದೇ ಆದವು. ರೋಗಿಗೆ ಸರಿಯಾಗಿ ಹೇಳಲು ಬರುವುದಿಲ್ಲ ಎಂಬ ದೂರು ಆಸ್ಪತ್ರೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಎದೆ ಉರಿ, ಎದೆ ಹಿಡಿದುಕೊಳ್ಳುವುದು, ಎದೆ ಡವಗುಟ್ಟುವುದು ಎಂದು ವಿಂಗಡಿಸಿ ಹೇಳುವ ಜನ ನಮ್ಮವರು. ಬರೆದುಕೊಳ್ಳುವವರಿಗೆ ಪುರುಸೊತ್ತಿಲ್ಲ ಅಷ್ಟೆ. ಹೊರಗೆ ನೂರು ಜನ ಟೋಕನ್ ಹಿಡಿದು ಕೂತಿರುವಾಗ ಅವರನ್ನು ಬೈಯುವುದೂ ನ್ಯಾಯವಲ್ಲ.

ಒಳಗೆ ಹೋಗುವಾಗ ರೋಗಿಯ ಮಾತು ಹೀಗೆ ಸವೆದರೆ, ಹೊರಗೆ ಬರುವಾಗ ಡಾಕ್ಟರ ಅನುಮಾನ ಕಳಚಿಬೀಳುತ್ತದೆ. ಹಳೆಯ ಫೈಲುಗಳಲ್ಲಿ ನನಗೆ ತುಂಬ ಗೌರವ ಹುಟ್ಟಿಸಿದ್ದು ಒಂದು ಗುರುತು: ರೋಗದ ಹೆಸರಿನ ಹಿಂದೆ ಹಾಕುವ ಪ್ರಶ್ನಾರ್ಥಕ ಚಿಹ್ನೆ. '? ಕಾಕ್ಸ್', '? ಮೈಟೋಟಿಕ್'. ಇದಿರಬಹುದು, ಇನ್ನೂ ಗೊತ್ತಿಲ್ಲ, ನೋಡಬೇಕು. ಬಾಯಲ್ಲಿ ಖಡಾಖಂಡಿತ ಮಾತಾಡುವ ಡಾಕ್ಟರುಗಳು ಕಾಗದದ ಮೇಲೆ ಇಷ್ಟು ಪ್ರಾಮಾಣಿಕರು! ಆರ್/ಒ ಎಂದು ಬರೆದಾಗಲೂ ಅಷ್ಟೆ. 'ಇದು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ' ಎಂಬ ಸೂಚನೆ ಅದು. ರೋಗ ಇದೆ ಎಂಬ ತೀರ್ಪಲ್ಲ.

ಆ ಎರಡು ಪದಗಳ ಕತೆಯನ್ನೂ ಹೇಳಬೇಕು. ಕಾಕ್ಸ್ ಎಂದರೆ ಕ್ಷಯ, ಅದರ ರೋಗಾಣುವನ್ನು 1882ರಲ್ಲಿ ತೋರಿಸಿಕೊಟ್ಟ ರಾಬರ್ಟ್ ಕಾಕ್ ಹೆಸರಿನಲ್ಲಿ. ಹ್ಯಾನ್ಸೆನ್ಸ್ ಎಂದರೆ ಕುಷ್ಠ. ಮೈಟೋಟಿಕ್ ಎಂದರೆ ಕ್ಯಾನ್ಸರ್. ಮಂಚದ ಪಕ್ಕ ನಿಂತು ರೌಂಡ್ಸ್ ಮಾಡುವಾಗ ರೋಗಿಗೆ ತಿಳಿಯದ ಹಾಗೆ ಮಾತಾಡಿಕೊಳ್ಳಲು ಈ ಹೆಸರುಗಳು ಒದಗುತ್ತವೆ. ಇದರಲ್ಲಿ ಡಾಕ್ಟರುಗಳನ್ನಷ್ಟೇ ದೂರಿ ಫಲವಿಲ್ಲ. 'ಅಪ್ಪಂಗೆ ಹೇಳ್ಬೇಡಿ ಸಾರ್, ಎದೆ ಒಡ್ಕೊತಾರೆ' ಎಂದು ಕಾರಿಡಾರಿನಲ್ಲಿ ಕೈಮುಗಿಯುವವರು ನಾವೇ. ಆರ್‌ವಿಡಿ ಎಂದು ಬರೆದು ಎಚ್‌ಐವಿಯನ್ನು ಮರೆಮಾಡುವುದು ಮಾತ್ರ ಬೇರೆ ಲೆಕ್ಕ. ಅಲ್ಲಿ ಮುಚ್ಚಿಡುವುದು ಊರಿನವರಿಂದ, ರೋಗಿಯಿಂದಲ್ಲ. ಆ ಗುಟ್ಟನ್ನು ಕಾಯಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಇಂಥ ಮರೆಗಳು ಎಷ್ಟು ತೆಳು ಎಂದು ಕೊರೊನಾ ಕಾಲದಲ್ಲಿ ನೋಡಿದೆವಲ್ಲ. 2020ರಲ್ಲಿ ಆರೋಗ್ಯ ಇಲಾಖೆ ಹೆಸರು ಬಿಟ್ಟು ಪಿ- ಎಂದು ಸಂಖ್ಯೆ ಕೊಟ್ಟು ಬುಲೆಟಿನ್ ಹೊರಡಿಸುತ್ತಿತ್ತು. ಸಂಜೆಯಾಗುವುದರೊಳಗೆ ಆ ಸಂಖ್ಯೆ ಯಾರ ಮನೆಯದೆಂದು ಇಡೀ ಊರಿಗೆ ಗೊತ್ತಾಗಿರುತ್ತಿತ್ತು.

ಈಗ ಅಪ್ಪನಿಗೆ ಹೇಳಬೇಡಿ ಎಂದ ಮಗನೇ ಹೊರಗೆ ಬಂದು ಫೈಲಿನ ಫೋಟೋ ಹೊಡೆದು ಫೋನಿನಲ್ಲಿ ಹುಡುಕುತ್ತಾನೆ. ಮೈಟೋಟಿಕ್ ಎಂದು ಬರೆದು ಹುಡುಕುವಾಗ ಹಿಂದಿನ ಆ ಗುರುತನ್ನು ಯಾರು ಬರೆಯುತ್ತಾರೆ? ಡಾಕ್ಟರ ಮನಸ್ಸಿನಲ್ಲಿ ಮೂರು ಸಾಧ್ಯತೆಗಳಲ್ಲಿ ಒಂದಾಗಿದ್ದದ್ದು ಫೋನಿನಲ್ಲಿ ನಿಶ್ಚಯವಾಗಿ ಹೊರಬರುತ್ತದೆ. ಬಯಾಪ್ಸಿ ರಿಪೋರ್ಟು ಬರುವ ಮೊದಲೇ ಮನೆಯಲ್ಲಿ ಹೆಂಗಸರು ಅತ್ತು ಮುಗಿಸಿರುತ್ತಾರೆ. ಅದಕ್ಕೇ ಫೈಲು ಓದಿ ಹೇಳುವಾಗ ನಾನು ಕಾಯಿಲೆಯ ಹೆಸರಿಗಿಂತ ಮೊದಲು ಆ ಗುರುತನ್ನು ಬೆರಳಿಟ್ಟು ತೋರಿಸುತ್ತೇನೆ. 'ಅವ್ರಿಗೇ ಇನ್ನೂ ಗ್ಯಾರಂಟಿ ಇಲ್ಲ, ನೋಡಿ' ಅಂದರೆ ಜನ ಉಸಿರು ಬಿಡುತ್ತಾರೆ. ಡಾಕ್ಟರಿಗೆ ಗೊತ್ತಿಲ್ಲ ಎಂಬುದನ್ನು ನಮ್ಮವರು ತಡೆದುಕೊಳ್ಳುವುದಿಲ್ಲ ಎನ್ನುವುದು ಸುಳ್ಳು.

ನನಗೆ ಓದಲು ಇಷ್ಟವಾಗದ ಸಂಕ್ಷೇಪ ಒಂದಿದೆ: ಡಾಮಾ. ಕೆಲವು ಕಡೆ ಲಾಮಾ ಎನ್ನುತ್ತಾರೆ. ವೈದ್ಯರ ಸಲಹೆ ಮೀರಿ ರೋಗಿ ಆಸ್ಪತ್ರೆ ಬಿಟ್ಟದ್ದು ಎಂದು ಅರ್ಥ. ವಾರ್ಡಿನಲ್ಲಿ 'ಮೂರನೇ ಬೆಡ್ ಡಾಮಾ ಹೋದ್ರು' ಎಂದು ಸಲೀಸಾಗಿ ಹೇಳುತ್ತಾರೆ. ಛಾಪಿಸಿದ ಹಾಳೆಯ ಕೆಳಗೆ ಮಗ ಸಹಿ ಮಾಡಬೇಕು: ಮುಂದೆ ಏನಾದರೂ ಆದರೆ ನಾವೇ ಹೊಣೆ. ಹಟಮಾರಿಗಳೂ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕೈಗೆ ಬಂದ ಡಾಮಾ ಹಾಳೆಗಳ ಹಿಂದೆ ಇದ್ದದ್ದು ಐಸಿಯುವಿನ ದಿನದ ಬಾಡಿಗೆ, ಒತ್ತೆಯಿಟ್ಟ ಬಂಗಾರ, ಇನ್ನು ಸಾಲ ಕೊಡಲೊಲ್ಲದ ಭಾವಮೈದುನ. ಬಡತನ ಆ ಹಾಳೆಯಲ್ಲಿ ಅವಿಧೇಯತೆಯಾಗಿ ದಾಖಲಾಗುತ್ತದೆ. ಇಂಥ ಪದಗಳನ್ನು ಬದಲಿಸಲು ಬರುವುದಿಲ್ಲವೆಂದೇನಿಲ್ಲ. ಕ್ಷಯದ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನು ಬಹಳ ಕಾಲ 'ಡಿಫಾಲ್ಟರ್' ಎಂದು, ಬ್ಯಾಂಕಿಗೆ ಸಾಲ ಕಟ್ಟದವರಂತೆ ಕರೆಯುತ್ತಿದ್ದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಟ್ಟು, ಸಂಪರ್ಕ ತಪ್ಪಿದವರು ಎಂಬ ಅರ್ಥದ ಮಾತು ತಂದಿತು. ತಪ್ಪಿಸಿಕೊಂಡವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ರೋಗಿಯ ತಲೆಯ ಮೇಲಿಂದ ಇಳಿಯಿತು.

ಒಳರೋಗಿಯಾಗಿದ್ದವರು ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ಕೇಳುವವರು ಕಡಿಮೆ. ಕೇಳಿ ಪಡೆದವರಿಗೂ ಅದು ತಮ್ಮ ಕಾಗದ ಅನ್ನಿಸುವುದಿಲ್ಲ. ಓದಿಸಿಕೊಂಡು ಮತ್ತೆ ಕವರಿಗೆ ಹಾಕಿ ಬೀರುವಿನಲ್ಲಿಡುತ್ತಾರೆ. ಅದರ ಮೇಲೆ ತಾವೂ ಬರೆಯಬಹುದು ಎಂದರೆ ನಗುತ್ತಾರೆ.

ಒಬ್ಬ ಹುಡುಗ ಬರೆದದ್ದನ್ನು ನೋಡಿದೆ. ಖಾಸಗಿ ಆಸ್ಪತ್ರೆಯಿಂದ ತಾಯಿಯನ್ನು ಬಿಡಿಸಿಕೊಳ್ಳುವಾಗ ಡಾಮಾ ಹಾಳೆಯಲ್ಲಿ ಸಹಿಯ ಮೇಲೆ ಕನ್ನಡದಲ್ಲಿ ಒಂದು ಸಾಲು ಸೇರಿಸಿದ್ದ: 'ದುಡ್ಡು ಸಾಲದ್ದರಿಂದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ, ಚಿಕಿತ್ಸೆ ಬೇಡವೆಂದಲ್ಲ.' ಹಾಳೆಯ ಒಂದು ಜೆರಾಕ್ಸ್ ಪ್ರತಿಯನ್ನೂ ಕೇಳಿ ತೆಗೆದುಕೊಂಡ. ಡಾಮಾ ಕಾಗದ ಹಿಡಿದು ಹೋದವರಿಗೆ ಮುಂದಿನ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಸಾಮಾನ್ಯವಾಗಿ ಎದುರಾಗುವ ಮೊದಲ ಪ್ರಶ್ನೆ 'ಯಾಕ್ರೀ ಬಿಟ್ಟು ಬಂದ್ರಿ?' ಎನ್ನುವುದು. ಆ ಜೆರಾಕ್ಸ್ ಓದಿದ ಡಾಕ್ಟರು ಅವನನ್ನು ಕೇಳಿದ್ದು, 'ಅಲ್ಲಿ ಯಾವ ಯಾವ ಇಂಜೆಕ್ಷನ್ ಕೊಟ್ಟಿದ್ರು, ಕೊನೆಗೆ ಕೊಟ್ಟಿದ್ದು ಎಷ್ಟ್ ಹೊತ್ತಿಗೆ?'