ಇಂದಿನ ಚಿಂತನೆ: ಮರಳಿ ಬರುವ ರಾಜ



ಕಳೆದ ತಿಂಗಳು ಒಂದು ಸಭೆಯಲ್ಲಿ ನಾನು, "ಇನ್ನೊಬ್ಬ ಬಾಬಾಸಾಹೇಬರು ಹುಟ್ಟಿ ಬರಬೇಕು" ಎಂದೆ. ಜೋರು ಚಪ್ಪಾಳೆ ಬಿತ್ತು. ಮನೆಗೆ ಬಂದಾಗ ಬ್ರಿಟನ್ನಿನ ಆರ್ಥರ್ ರಾಜನ ಕಥೆ ಓದುತ್ತಿದ್ದ ಮಗಳು ಕೇಳಿದಳು: "ಅಪ್ಪಾ, ಅಲ್ಲಿನ ಜನಾನೂ ಆರ್ಥರ್ ವಾಪಸ್ ಬರ್ತಾನೆ ಅಂತ ಕಾಯ್ತಿದ್ರಂತೆ. ಬಂದ್ನಾ?"

ಉತ್ತರಕ್ಕಾಗಿ ನಾನೂ ಓದಿದೆ.

ಸುಮಾರು 1500 ವರ್ಷಗಳ ಹಿಂದೆ ಹೊರಗಿನಿಂದ ಬಂದ ಸ್ಯಾಕ್ಸನ್ನರ ವಿರುದ್ಧ ಬ್ರಿಟನ್ನರನ್ನು ಕಾಪಾಡಿದವನು ಆರ್ಥರ್ ಎನ್ನುತ್ತದೆ ಕಥೆ. ಆದರೆ ಆ ಕಾಲಕ್ಕೆ ಹತ್ತಿರದವನಾದ ಗಿಲ್ಡಾಸ್ ಎಂಬ ಸನ್ಯಾಸಿ ಬೇಡನ್ ಯುದ್ಧದ ಬಗ್ಗೆ ಬರೆದರೂ ಆರ್ಥರನ ಹೆಸರೆತ್ತಿಲ್ಲ. ಸುಮಾರು 830ರ ಗ್ರಂಥವೊಂದರಲ್ಲಿ ಆತ ಸೇನಾನಿ. ಅದೇ ಯುದ್ಧದಲ್ಲಿ ಒಬ್ಬನೇ 960 ಜನರನ್ನು ಕೊಂದನಂತೆ! ಮಹಾರಾಜನಾಗಿ ಅವನ ಇಡೀ ಚರಿತ್ರೆ ಕಟ್ಟಿದವನು 12ನೇ ಶತಮಾನದ ಜೆಫ್ರಿ. ಆರ್ಥರ್ ನಿಜವಾಗಿ ಇದ್ದನೆನ್ನಲು ಗಟ್ಟಿ ಆಧಾರ ಇವತ್ತಿಗೂ ಇಲ್ಲ.

ಆದರೂ ನೆಲ ಕಳೆದುಕೊಂಡ ವೇಲ್ಸ್ ಜನ ಅವನು ಸತ್ತಿಲ್ಲ, ಬಂದೇ ಬರುತ್ತಾನೆ ಎಂದು ನಂಬಿದರು. ಸೋತವರ ಆ ಆಸೆಯನ್ನು ನಾನು ಹೇಗೆ ನಗಲಿ?

ಮುಂದೇನಾಯಿತು ನೋಡಿ. 1184ರಲ್ಲಿ ಗ್ಲಾಸ್ಟನ್‌ಬರಿ ಮಠ ಸುಟ್ಟುಹೋಯಿತು. 1191ರ ಹೊತ್ತಿಗೆ ಅಲ್ಲಿನ ಸನ್ಯಾಸಿಗಳು ಆರ್ಥರನ ಸಮಾಧಿ ಸಿಕ್ಕಿತೆಂದು ಸಾರಿದರು. 1278ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಆ ಮೂಳೆಗಳನ್ನು ವೈಭವದಿಂದ ಮತ್ತೆ ಸಮಾಧಿ ಮಾಡಿಸಿದ. 1283ರೊಳಗೆ ಅದೇ ಎಡ್ವರ್ಡ್ ವೇಲ್ಸನ್ನು ಪೂರ್ತಿ ಗೆದ್ದುಕೊಂಡ. ಸೋತವರು ಕಾಯುತ್ತಿದ್ದ ರಾಜ ಗೆದ್ದವರ ಸ್ವತ್ತಾದ.

ಧೈರ್ಯ ಕೊಡುವ ಕಥೆ ನಿಜವಲ್ಲದಿದ್ದರೆ ತಪ್ಪೇನು ಎಂದು ನಾನೂ ಒಮ್ಮೆ ಕೇಳಿಕೊಂಡೆ. ಇದೇ ತಪ್ಪು: ಕಾಯುವವನು ತನ್ನ ಕೆಲಸವನ್ನು ಬರುವವನ ಮೇಲೆ ಹಾಕುತ್ತಾನೆ. ಸಮಾಧಿ, ಪ್ರತಿಮೆ, ಫೋಟೋ ಯಾರ ಕೈಗೆ ಸಿಗುತ್ತದೋ ಕಾಯುವವನ ಆಸೆಯೂ ಅವರ ಕೈಗೇ ಹೋಗುತ್ತದೆ.

ಅಲ್ಲಿ ಕಥೆಯನ್ನು ಇತಿಹಾಸ ಮಾಡಿದರು. ಚಪ್ಪಾಳೆಗಾಗಿ ನಾನು ಇತಿಹಾಸವನ್ನೇ ಕಥೆ ಮಾಡಹೊರಟಿದ್ದೆ. ಬಾಬಾಸಾಹೇಬರು ಮರಳಿ ಬರಬೇಕಾದ ರಾಜರಲ್ಲ. ಅವರು ಬರೆದದ್ದು, ಮಾತಾಡಿದ್ದು ಸಂಪುಟಗಳಲ್ಲಿ ನಮ್ಮ ಮುಂದಿದೆ. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಅಧಃಪತನದ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರೇ ಎಚ್ಚರಿಸಿದ್ದರು. ಭಗವಾನ್ ಬುದ್ಧರೂ ಕೊನೆಯ ದಿನಗಳಲ್ಲಿ ಆನಂದರಿಗೆ ಹೇಳಿದ್ದು, ನಿಮಗೆ ನೀವೇ ಆಸರೆಯಾಗಿ ಎಂದು.

ಮಗಳಿಗೆ ಹೇಳಿದೆ: "ಬರಲಿಲ್ಲಮ್ಮ. ನಾನು ಹೇಳಿದ್ದೂ ತಪ್ಪು."

ಈ ಭಾನುವಾರ ಅದೇ ಜಾಗದಲ್ಲಿ ನಿಂತು ಇದನ್ನು ಹೇಳುವವನಿದ್ದೇನೆ. ಆಮೇಲೆ ಆ 1949ರ ಭಾಷಣವನ್ನು ಒಟ್ಟಿಗೆ ಓದೋಣ. ಮಕ್ಕಳನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ 🙏